ಆ ಸಮಿತಿಯನ್ನು ನೇಮಿಸಿದವರು ಯಾರು?

2025ರ ಫೆಬ್ರುವರಿ 8, ಶನಿವಾರ ರಾತ್ರಿ. ಪತ್ರಿಕೆಯ ಸುದ್ದಿ ಡೆಸ್ಕ್‌ನಲ್ಲಿ ನಾಲ್ವರೇ ಇದ್ದೆವು. ಮರುದಿನದಿಂದಲೇ ‘ನಮ್ಮ ಮೆಟ್ರೊ’ದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರುತ್ತದೆ ಎಂಬ ಪ್ರಕಟಣೆ ಬಂದಿತ್ತು. 2017ರ ನಂತರದ ಮೊದಲ ಪರಿಷ್ಕರಣೆ. ಮುಖಪುಟದ ಲೀಡ್, ಅಂದರೆ ಮುಖ್ಯ ಸುದ್ದಿ, ಅದೇ ಎಂಬುದರಲ್ಲಿ ಎರಡು ಮಾತಿರಲಿಲ್ಲ.

ಹೊಸದಾಗಿ ಸೇರಿದ್ದ ಉಪಸಂಪಾದಕಿ ವರದಿಯ ಕಾಪಿ ತಿದ್ದಿ, ‘ಮೆಟ್ರೊ ದರ ಏರಿಕೆ: ಇಂದಿನಿಂದಲೇ ಜಾರಿ’ ಎಂದು ತಲೆಬರಹ ಕೊಟ್ಟಿದ್ದಳು. ನನಗೆ ಹಿಡಿಸಲಿಲ್ಲ. ದರ ತಾನಾಗಿ ಏರುವುದಿಲ್ಲ, ಯಾರೋ ಏರಿಸುತ್ತಾರೆ. ‘ಆಗಿದೆ’, ‘ಮಾಡಲಾಗಿದೆ’ ಎಂದು ಬರೆದರೆ ಕರ್ತೃ ಮಾಯವಾಗುತ್ತಾನೆ; ದಿನವೂ ರೈಲು ಹತ್ತುವವರಿಗೆ ಯಾರನ್ನು ಕೇಳಬೇಕೆಂದೇ ತಿಳಿಯುವುದಿಲ್ಲ. ಇದನ್ನು ನಾನು ಈಗಲೂ ನಂಬುತ್ತೇನೆ.

ಏರಿಕೆಗೆ ಶಿಫಾರಸು ಮಾಡಿದ್ದು ಮೂವರ ದರ ನಿಗದಿ ಸಮಿತಿ. ಹಾಗಾದರೆ ಸಮಿತಿಯನ್ನು ನೇಮಿಸಿದವರು ಯಾರು ಎಂಬುದೇ ಸುದ್ದಿ. ಗಂಟೆ 10.20. ದೂರದ ಊರುಗಳಿಗೆ ಮೊದಲೇ ಹೊರಡುವ ಡಾಕ್ ಎಡಿಷನ್ 10.30ಕ್ಕೆ ಬಿಡಬೇಕು. ಮೊದಲು ಹನ್ನೊಂದರವರೆಗೆ ಸಮಯವಿತ್ತು. ಸಾಗಣೆ ವಿಭಾಗದ ಅನುಕೂಲಕ್ಕೆಂದು ಅರ್ಧ ಗಂಟೆ ಹಿಂದಕ್ಕೆ ತಂದಿದ್ದಾರೆ. ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು ನಿವೃತ್ತರಾದ ಮೇಲೆ ಆ ಹುದ್ದೆಯನ್ನೂ ತುಂಬಿಲ್ಲ. ಅವರಿದ್ದಾಗ ಒಂದು ಫೋನ್ ಮಾಡಿದರೆ ಕಾಯ್ದೆಯ ಪುಟ ಮೇಜಿಗೆ ಬರುತ್ತಿತ್ತು.

ನನ್ನ ಕಂಪ್ಯೂಟರ್‌ನಲ್ಲಿ 2002ರ ಮೆಟ್ರೊ ಕಾಯ್ದೆಯ ಹಳೆಯ ಪಿಡಿಎಫ್ ಇತ್ತು. ತೆರೆದು 34ನೇ ಸೆಕ್ಷನ್‌ಗೆ ಹೋದೆ. ಕೇಂದ್ರ ಸರ್ಕಾರ ಮತ್ತು ದೆಹಲಿ ಸರ್ಕಾರ ತಲಾ ಒಬ್ಬ ಸದಸ್ಯರನ್ನು ನಾಮನಿರ್ದೇಶನ ಮಾಡಬೇಕು ಎಂದಿತ್ತು. ಇದು ದೆಹಲಿಯ ಕಾನೂನು, ನಮಗೆ ಅನ್ವಯಿಸುವುದಿಲ್ಲ, ಬೆಂಗಳೂರಿನ ಸಮಿತಿಯನ್ನು ರಾಜ್ಯವೇ ರಚಿಸಿರಬೇಕು ಎಂದು ತೀರ್ಮಾನಿಸಿಬಿಟ್ಟೆ. ಎರಡು ನಿಮಿಷವೂ ಹಿಡಿಯಲಿಲ್ಲ. ‘ರಾಜ್ಯ ನೇಮಿಸಿದ ಸಮಿತಿಯಿಂದ ಮೆಟ್ರೊ ಬರೆ’ ಎಂದು ಬರೆದೆ.

ಅವಳು ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದಳು.

‘ಸರ್, ಅಧ್ಯಕ್ಷರು ಮದ್ರಾಸ್ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ. ನಮ್ಮ ಸರ್ಕಾರವೇ ನೇಮಿಸಿದ್ದರೆ ಅಲ್ಲಿಂದ ಏಕೆ ಕರೆಸುತ್ತಿತ್ತು?’

ಆ ಪ್ರಶ್ನೆ ಈಗಲೂ ಕಿವಿಯಲ್ಲಿದೆ. ಅದೊಂದೇ ಸಾಕಿತ್ತು, ನಿಲ್ಲಬೇಕಿತ್ತು. ಗಡಿಯಾರ 10.27 ತೋರಿಸುತ್ತಿತ್ತು. ಪುಟ ಕಟ್ಟುವ ಹುಡುಗ ಮೌಸ್ ಮೇಲೆ ಕೈಯಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. ‘ಸಮಯ ನೋಡಮ್ಮಾ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ’ ಎಂದೆ. ಅವಳು ಸುಮ್ಮನಾದಳು. ಪುಟ ಮುದ್ರಣದ ಪ್ಲೇಟ್‌ಗೆ ಹೋಯಿತು.

ಸುಮ್ಮನಾದಳೇ ಹೊರತು ಒಪ್ಪಿರಲಿಲ್ಲ. ಹನ್ನೊಂದೂವರೆಗೆ ಎರಡು ಹಾಳೆ ಪ್ರಿಂಟ್ ತೆಗೆದು ತಂದು ನನ್ನ ಮುಂದಿಟ್ಟಳು. 2009ರ ತಿದ್ದುಪಡಿ ಕಾಯ್ದೆ. ಅಲ್ಲಿಯವರೆಗೆ ಅದು ‘ದೆಹಲಿ ಮೆಟ್ರೊ ರೈಲ್ವೆ’ ಕಾಯ್ದೆಯಾಗಿತ್ತು. ತಿದ್ದುಪಡಿಯು ಕಾಯ್ದೆಯ ಹೆಸರಿನಿಂದ ದೆಹಲಿಯನ್ನು ತೆಗೆದು ಇತರ ಮಹಾನಗರಗಳಿಗೂ ಕಾನೂನನ್ನು ವಿಸ್ತರಿಸಿತು. ದೆಹಲಿ ಸರ್ಕಾರ ಎಂದಿದ್ದಲ್ಲಿ ‘ರಾಜ್ಯ ಸರ್ಕಾರ’ ಎಂದು ಸೇರಿಸಿತು. ಆ ಪದಗಳ ಕೆಳಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದಿದ್ದಳು. ಒಬ್ಬ ಸದಸ್ಯರು ಕೇಂದ್ರದಿಂದ, ಇನ್ನೊಬ್ಬರು ರಾಜ್ಯದಿಂದ. ಹೈಕೋರ್ಟ್‌ನ ಹಾಲಿ ಅಥವಾ ಮಾಜಿ ನ್ಯಾಯಮೂರ್ತಿಯನ್ನು ಅಧ್ಯಕ್ಷರನ್ನಾಗಿ ನೇಮಿಸುವ ಅಧಿಕಾರ ಕೇಂದ್ರದ್ದು. ಸಮಿತಿಯ ಶಿಫಾರಸನ್ನು ಮೆಟ್ರೊ ಆಡಳಿತ ಪಾಲಿಸಲೇಬೇಕು ಎಂದೂ ಅದೇ ಕಾನೂನು ಹೇಳುತ್ತದೆ.

ನಾನು ಓದಿದ್ದು ತಿದ್ದುಪಡಿಗೆ ಮುಂಚಿನ ಪಠ್ಯ. ಹದಿನೈದು ವರ್ಷ ಹಿಂದಿನ ಕಾನೂನನ್ನು ಹಿಡಿದು ಇಂದಿನ ಹೊಣೆಗಾರನನ್ನು ಹುಡುಕಿದ್ದೆ.

ನಗರ ಆವೃತ್ತಿಯ ತಲೆಬರಹ ಬದಲಾಯಿಸಿದೆವು. ಆದರೆ ಡಾಕ್ ಗಾಡಿಗಳು ಹೊರಟಾಗಿತ್ತು. ಸೋಮವಾರ ತುಮಕೂರಿನ ಹಿರಿಯ ಓದುಗರೊಬ್ಬರು ಫೋನ್ ಮಾಡಿ, ‘ನಿಮ್ಮ ಪತ್ರಿಕೆ ನಂಬಿ ನಿನ್ನೆ ಹೋಟೆಲಿನಲ್ಲಿ ವಾದ ಮಾಡಿ ಸೋತೆ ಸ್ವಾಮಿ’ ಎಂದರು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅಷ್ಟರಲ್ಲಾಗಲೇ ರಾಜ್ಯದವರು ಕೇಂದ್ರದ ಕಡೆಗೆ, ಕೇಂದ್ರದವರು ರಾಜ್ಯದ ಕಡೆಗೆ ಬೆರಳು ತೋರಿಸತೊಡಗಿದ್ದರು. ಮೆಟ್ರೊ ನಡೆಸುವ ನಿಗಮದಲ್ಲಿ ಇಬ್ಬರದೂ ಸಮಪಾಲು. ಸಮಿತಿಯಲ್ಲೂ ಇಬ್ಬರ ಪ್ರತಿನಿಧಿಗಳಿದ್ದರು, ಅಧ್ಯಕ್ಷರ ನೇಮಕ ಮಾತ್ರ ಒಬ್ಬರ ಕೈಯಲ್ಲಿ. ಇದನ್ನು ಜನರಿಗೆ ಬಿಡಿಸಿ ಹೇಳಬೇಕಾದ ಹೊತ್ತಿನಲ್ಲಿ ನಾವು ಗೊಂದಲಕ್ಕೆ ಇನ್ನಷ್ಟು ಸೇರಿಸಿದ್ದೆವು.

ಮಂಗಳವಾರ ಒಳಪುಟದಲ್ಲಿ ನಾಲ್ಕು ಸಾಲಿನ ತಿದ್ದೋಲೆ ಹಾಕಿದೆವು. ಲೀಡ್‌ನಲ್ಲಿ ಮಾಡಿದ ತಪ್ಪಿಗೆ ಒಳಪುಟದ ಮೂಲೆಯಲ್ಲಿ ತಿದ್ದೋಲೆ ಹಾಕುವ ರೂಢಿ ನನಗೆ ಒಪ್ಪಿಗೆಯಿಲ್ಲ. ಮುಖಪುಟದಲ್ಲೇ ಇರಲಿ ಎಂದು ಕೇಳಿದೆ, ಮೇಲಿನವರು ಬೇಡ ಎಂದರು. ಸಾಲುಗಳನ್ನು ನಾನೇ ಬರೆದೆ, ಅವಳಿಗೆ ಓದಲು ಕೊಟ್ಟೆ. ‘ನೇಮಕವಾಗಿತ್ತು’ ಎಂದಿದ್ದ ಕಡೆ ಗುರುತು ಹಾಕಿ, ‘ಕೇಂದ್ರ ನೇಮಿಸಿತ್ತು’ ಎಂದು ತಿದ್ದಿದಳು. ಸರಿಯಾಗಿಯೇ ತಿದ್ದಿದಳು.

13ರ ರಾತ್ರಿ ಮತ್ತೆ ಮೆಟ್ರೊ ಸುದ್ದಿ ಬಂತು. ಜನರ ಪ್ರತಿಭಟನೆಯ ನಂತರ ಮರುದಿನದಿಂದ ಕೆಲವು ನಿಲ್ದಾಣಗಳ ನಡುವಿನ ದರ ಇಳಿಯಲಿತ್ತು, ಗರಿಷ್ಠ 90 ಮಾತ್ರ ಹಾಗೆಯೇ ಉಳಿಯಲಿತ್ತು. ಅವಳು ಕಾಪಿ ತಂದಳು. ಇಳಿಸಿದವರು ಯಾರು, ಯಾವ ಅಧಿಕಾರದಿಂದ ಎಂದು ಕೇಳಿದೆ. ಅವಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕುಳಿತಳು. ಗಂಟೆ 10.10 ಆಗಿತ್ತು, ಪುಟ ಕಾಯಲಿ ಎಂದೆ.