ದುರ್ಗದ ಕೋಟೆಯ ಅಳಿಲು, ಹರಟೆಮಲ್ಲ

ಚಿತ್ರದುರ್ಗದ ಏಳು ಸುತ್ತಿನ ಕೋಟೆ ನೋಡೋಕೆ ಬೆಳಗ್ಗೆ ಬೇಗ ಹೋಗಬೇಕು. ಬಿಸಿಲೇರಿದರೆ ಬಂಡೆ ಕಾದುಬಿಡುತ್ತೆ. ನಾವೂ ಬೇಗನೇ ಹೋದೆವು, ಆದರೆ ಅಕ್ಕನ ಮಗ ಸಂಪಿಗೆ ಸಿದ್ದೇಶ್ವರ ಗುಡಿ ಹತ್ತಿರವೇ ಕೂತುಬಿಟ್ಟ. ಅವನ ಕೈಯಲ್ಲಿ ಶೇಂಗಾ ಪೊಟ್ಟಣ, ಎದುರಿಗೆ ಅಳಿಲು.

ಕೆಳಗೆ ಬಿದ್ದ ಕಾಯಿಯೊಂದನ್ನು ಅಳಿಲು ಎತ್ತಿಕೊಂಡಿತು. ಎರಡೂ ಮುಂಗಾಲಲ್ಲಿ ಹಿಡಿದು, ತಿರುಗಿಸಿ ತಿರುಗಿಸಿ, ತುದಿ ಕಚ್ಚಿತು. ಸಿಪ್ಪೆ ಕೆಳಗೆ, ಬೀಜ ಬಾಯಿಗೆ. ಅದರ ಮುಂದಿನ ಹಲ್ಲುಗಳು ಸಾಯೋತನಕ ಬೆಳೀತಾನೇ ಇರುತ್ತವೆ. ಏನಾದರೂ ಕಡಿದು ಸವೆಸಲೇಬೇಕು.

ಅಷ್ಟರಲ್ಲಿ ಗಲಾಟೆ ಕೇಳಿಸಿತು, ಹಿಂದೆಯೇ ಬೂದು ಹರಟೆಮಲ್ಲಗಳು ಬಂದವು. ಬಯಲುಸೀಮೆಯ ಕುರುಚಲು ಗಿಡಗಳ ನಡುವೆ ಜಾಸ್ತಿ ಕಾಣೋ ಹಕ್ಕಿ. ಮೈಬಣ್ಣ ಅಷ್ಟಕ್ಕಷ್ಟೆ. ಹಳದಿ ಕಣ್ಣು ಮಾತ್ರ ದುರುಗುಟ್ಟಿದ ಹಾಗಿರುತ್ತೆ. ಹಾರುವಾಗ ಬಾಲದ ಅಂಚಿನ ಬಿಳಿ ಗರಿ ಎದ್ದು ಕಾಣುತ್ತೆ. ಒಣಗಿದ ಎಲೆಗಳನ್ನು ಕೊಕ್ಕಿನಿಂದ ಮಗುಚಿ ಹಾಕಿ, ಅಡಿಯ ಹುಳ ಹೆಕ್ಕತೊಡಗಿದವು. ಅಳಿಲೂ ಹುಳ ತಿನ್ನುತ್ತೆ, ಹರಟೆಮಲ್ಲವೂ ಹಣ್ಣು ಕಾಳು ಬಿಡಲ್ಲ. ಆದರೂ ಜಗಳವಿಲ್ಲ.

"ಮಾಮ, ಮೇಲೊಂದು ಸುಮ್ನೆ ಕೂತಿದೆಯಲ್ಲ, ಅದಕ್ಕೆ ಹಸಿವಿಲ್ವಾ?"

ಅದು ಕಾವಲಿನದ್ದು. ಗುಂಪು ಮೇಯುವಾಗ ಒಂದು ಎತ್ತರದಲ್ಲಿ ಕೂತಿರುತ್ತೆ, ಆಮೇಲೆ ಇನ್ನೊಂದರ ಸರದಿ. ಮರಿ ಸಾಕೋದೂ ಒಟ್ಟಾಗಿಯೇ. ಅಪ್ಪ ಅಮ್ಮ ಅಲ್ಲದವೂ ಗುಟುಕು ಕೊಡುತ್ತವೆ. ಚಾತಕ ಕದ್ದುಮುಚ್ಚಿ ಇಟ್ಟುಹೋದ ಮೊಟ್ಟೆಯ ಮರಿಯನ್ನೂ ಸಾಕಿಬಿಡುತ್ತವೆ, ಪಾಪ. ಅಳಿಲಿನಲ್ಲಿ ಎಲ್ಲಾ ತಾಯಿಯದೇ. ಕಣ್ಣು ಬಿಡದ, ಕೂದಲಿಲ್ಲದ ಮರಿಗಳನ್ನು ಅದೊಂದೇ ನೋಡಿಕೊಳ್ಳಬೇಕು.

ಬಂಡೆ ಸಂದಿಯಿಂದ ಶಿಕ್ರಾ ಗಿಡುಗವೊಂದು ನುಗ್ಗಿತು. ಕಾವಲಿನ ಹಕ್ಕಿ ಕಿರುಚಿದ್ದೇ ತಡ, ಉಳಿದವೆಲ್ಲ ಪೊದೆಯೊಳಗೆ. ಅಳಿಲು ಸರ್ರನೆ ಮರದ ಹಿಂಬದಿಗೆ ಹೋಗಿ, ಬಾಲ ಕುಣಿಸುತ್ತ ಚಿಕ್ ಚಿಕ್ ಅಂತ ಶುರುಮಾಡಿತು. ಗಿಡುಗ ಬೇಟೆ ಸಿಗದೆ ಹೋದಮೇಲೂ ಅದರ ಬೈಗುಳ ನಿಲ್ಲಲಿಲ್ಲ. ಆಮೇಲೆ ತಲೆಕೆಳಗಾಗಿ ಇಳಿಯಿತು. ಹಿಂಗಾಲಿನ ಪಾದ ಹಿಂದಕ್ಕೆ ತಿರುಗೋದರಿಂದ ಉಗುರು ತೊಗಟೆಗೆ ಕಚ್ಚಿಕೊಳ್ಳುತ್ತೆ.

1779ರಲ್ಲಿ ಹೈದರಾಲಿಯ ವಶವಾದ ಕೋಟೆ ಇದು. ಕಾವಲಿಗೆ ಯಾರನ್ನಿಡೋಣ ಅಂತ ನಮ್ಮಿಬ್ಬರಲ್ಲಿ ವಾದ ಹತ್ತಿತು. ನಾನು ಹರಟೆಮಲ್ಲ ಅಂದೆ. ಅವನು ಅಳಿಲು ಬಿಡಲೊಲ್ಲ. ಓಬವ್ವನ ಕಿಂಡಿ ತಲುಪಿದಾಗ ಬಗ್ಗಿ ನೋಡಿ ತೀರ್ಪು ಕೊಟ್ಟ: "ಮಾಮ, ಕಾಯೋಕೆ ಬೇಕಾದ್ರೆ ನಿನ್ನ ಹರಟೆಮಲ್ಲ ಇಟ್ಕೋ. ಇದರಲ್ಲಿ ನುಗ್ಗೋಕೆ ಮಾತ್ರ ಅಳಿಲೇ ಸರಿ. ಹರಟೆಮಲ್ಲ ಆದ್ರೆ ಮಾತಾಡಿ ಮಾತಾಡಿ ಸಿಕ್ಕಿಬೀಳುತ್ತೆ."