ಬಣ್ಣ ಏಕೆ ಅರ್ಧಕ್ಕೇ ನಿಂತಿದೆ?

‘ಕಗುಯಾ ರಾಜಕುಮಾರಿಯ ಕಥೆ’ ಎಂಬ ಜಪಾನಿನ ಅನಿಮೇಷನ್ ಚಿತ್ರ ನೋಡಿ ಎಂದು ನಾನು ದುಂಬಾಲು ಬಿದ್ದವರೆಲ್ಲ ಹತ್ತು ನಿಮಿಷಕ್ಕೇ ಕೇಳುವುದು ಇದನ್ನೇ: ‘ಬಣ್ಣ ಪೂರ್ತಿ ತುಂಬಿಯೇ ಇಲ್ಲವಲ್ಲ, ದುಡ್ಡು ಸಾಲಲಿಲ್ಲವೇ?’

ದುಡ್ಡಿಗೇನೂ ಬರವಿರಲಿಲ್ಲ. ಸ್ಟುಡಿಯೊ ಜಿಬ್ಲಿ 2013ರಲ್ಲಿ ತಂದ ಈ ಚಿತ್ರ ಸುಮಾರು 500 ಕೋಟಿ ಯೆನ್ ನುಂಗಿತು. ಎಂಟು ವರ್ಷ ಹಿಡಿಯಿತು. ನಿರ್ದೇಶಕ ಇಸಾವೊ ತಕಾಹತಾ ಅವರಿಗೆ ಆಗ 78. ಅದೇ ಅವರ ಕೊನೆಯ ಚಿತ್ರ.

ಕಥೆ ಸಾವಿರ ವರ್ಷ ಹಳೆಯದು. ಬಿದಿರು ಕಡಿಯುವ ಮುದುಕನಿಗೆ ಮೆಳೆಯಲ್ಲಿ ಅಂಗೈಯಷ್ಟು ಹುಡುಗಿ ಸಿಗುತ್ತಾಳೆ. ಬಿದಿರಿನಲ್ಲೇ ಚಿನ್ನವೂ ಸಿಕ್ಕಿ, ಅವಳನ್ನು ದೊಡ್ಡವರ ಮನೆಯವಳನ್ನಾಗಿ ಮಾಡಲು ರಾಜಧಾನಿಗೆ ಒಯ್ಯುತ್ತಾನೆ. ಕೊನೆಗೆ ಚಂದ್ರಲೋಕದವರು ಬಂದು ಕರೆದೊಯ್ಯುತ್ತಾರೆ.

ಊರ ಹುಡುಗರು ಅವಳನ್ನು ‘ತಕೆನೋಕೊ’ ಎಂದು ಕೂಗುತ್ತಾರೆ, ಅಂದರೆ ಕಳಲೆ. ಮಳೆಗಾಲದಲ್ಲಿ ಕಳಲೆ ಕಿತ್ತವರಿಗೆ ಈ ಹೆಸರು ಥಟ್ಟನೆ ಹಿಡಿಸುತ್ತದೆ: ನಿನ್ನೆ ಗೇಣುದ್ದ, ಇಂದು ಮೊಳ. ಕಪ್ಪೆಯ ಹಿಂದೆ ಅಂಬೆಗಾಲಿಡುತ್ತಲೇ ಮಗು ಬೆಳೆಯುವುದನ್ನು ಗಮನಿಸಿ. ಗೆರೆಯನ್ನು ಬಿಗಿದು ಕಟ್ಟಿದ್ದರೆ ಆ ಬೆಳವಣಿಗೆಗೆ ಜಾಗವೇ ಇರುತ್ತಿರಲಿಲ್ಲ.

ಬಿಟ್ಟ ಜಾಗಕ್ಕೇ ಇಲ್ಲಿ ಹೆಚ್ಚು ಕೂಲಿ. ಗೆರೆ ಕೂಡಿಕೊಂಡಿದ್ದರೆ ಒಳಗೆ ಬಣ್ಣ ತುಂಬುವುದು ಸುಲಭ. ಇಲ್ಲಿ ಅದು ಇದ್ದಿಲಿನಿಂದ ಎಳೆದಂತೆ ದಪ್ಪವಾಗಿ, ಸಣ್ಣಗಾಗಿ, ನಡುವೆ ತುಂಡಾಗುತ್ತದೆ. ಹಾಗಾಗಿ ಗೆರೆಗೊಂದು, ಬಣ್ಣದ ಎಲ್ಲೆಗೊಂದು ಎಂದು ಬೇರೆ ಬೇರೆ ಹಾಳೆ ಬರೆಯಬೇಕಾಯಿತು. ಕಲಾ ನಿರ್ದೇಶಕ ಕಜುವೊ ಒಗಾ ಹಿನ್ನೆಲೆಯನ್ನೂ ಅದೇ ತೆಳು ಜಲವರ್ಣದಲ್ಲಿಟ್ಟರು. ಮನುಷ್ಯರೂ ಮರಗಳೂ ಒಂದೇ ಕೈಯ ಕೆಲಸದಂತೆ ಕಾಣುತ್ತವೆ.

ಇಷ್ಟು ಹೇಳಿದರೂ ಒಪ್ಪದವರಿಗೆ ನಾನು ಹೇಳುವುದು ಒಂದೇ: ನಾಮಕರಣದ ಔತಣದವರೆಗೆ ತಾಳಿಕೊಳ್ಳಿ. ಕುಡಿದ ಅತಿಥಿಗಳು ತನ್ನನ್ನೂ ಅಪ್ಪನನ್ನೂ ಆಡಿಕೊಳ್ಳುವುದು ಪರದೆಯಾಚೆ ಕುಳಿತ ಹುಡುಗಿಯ ಕಿವಿಗೆ ಬೀಳುತ್ತದೆ. ಕೈಯಲ್ಲಿದ್ದ ಕಪ್ಪೆಚಿಪ್ಪು ಒಡೆಯುತ್ತದೆ. ಬಾಗಿಲ ಮೇಲೆ ಬಾಗಿಲು ಸೀಳಿಕೊಂಡು ಓಡುತ್ತಾಳೆ. ಪದರು ಪದರಾದ ನಿಲುವಂಗಿಗಳು ಒಂದೊಂದಾಗಿ ಕಳಚಿ ಬೀಳುತ್ತವೆ. ಬಣ್ಣ ಹೋಗುತ್ತದೆ, ಮುಖವೂ ಹೋಗುತ್ತದೆ. ಉಳಿಯುವುದು ಸಿಟ್ಟಿನಿಂದ ಗೀಚಿದ ಗೆರೆ, ಮೇಲೊಂದು ಚಂದ್ರ. ನೀಟಾಗಿ ಬಣ್ಣ ತುಂಬಿದ ಗೊಂಬೆ ಹೀಗೆ ಓಡಲಾರದು.

ಕಾಡು ದಾಟಿ ಹಳೆಯ ಗುಡಿಸಲಿಗೆ ಬಂದರೆ ಅಲ್ಲಿ ಬೇರೆಯವರಿದ್ದಾರೆ. ಹಿಮದಲ್ಲಿ ಕುಸಿಯುತ್ತಾಳೆ. ಕಣ್ಣು ಬಿಟ್ಟರೆ ಅದೇ ಅರಮನೆ, ಅದೇ ಕೋಣೆ, ಮೈಮೇಲೆ ಅವೇ ಬಟ್ಟೆ. ಅಲ್ಲಿಯವರೆಗೆ ಬೇಡವೆಂದು ಕಿರುಚುತ್ತಿದ್ದವಳು ಆಮೇಲೆ ಸುಮ್ಮನೆ ಕುಳಿತು, ದೊಡ್ಡವರ ಮನೆಯ ಹೆಂಗಸರ ರೂಢಿಯಂತೆ ಹುಬ್ಬು ಕೀಳಿಸಿಕೊಳ್ಳುತ್ತಾಳೆ.