‘ನೀವು ಸಂಗೀತ ಕಲ್ತಿದ್ದೀರಾ?’ ಇಲ್ಲ, ಮುಂದೆ ಹೇಳಿ

ಮನೆಯಲ್ಲಿ ಶಾಸ್ತ್ರೀಯ ಸಂಗೀತದ ಒಂದು ಒಳ್ಳೆಯ ರೆಕಾರ್ಡಿಂಗ್ ಕೇಳಿದ ಮರುದಿನ ನನಗೆ ಸುಮ್ಮನಿರಲು ಆಗುವುದಿಲ್ಲ. ಯಾರಿಗಾದರೂ ಹೇಳಲೇಬೇಕು. ನಮ್ಮ ಕಾಸರಗೋಡಿನ ಬದಿಯಡ್ಕ ಪೇಟೆಯಲ್ಲಿ ಸಿಕ್ಕಿದವರಿಗೆ, ಫೋನ್ ಮಾಡಿದ ನೆಂಟರಿಗೆ, ಒಮ್ಮೆ ತೋಟಕ್ಕೆ ಗೊಬ್ಬರ ತಂದ ಜೀಪಿನ ಡ್ರೈವರನಿಗೂ ಹೇಳಿದ್ದುಂಟು. ಅವನೊಬ್ಬ ಮಾತ್ರ ‘ಹೌದಾ, ಅಷ್ಟು ಚಂದ ಉಂಟಾ?’ ಎಂದ. ಉಳಿದವರದ್ದೆಲ್ಲ ಒಂದೇ ಪ್ರಶ್ನೆ: ‘ನೀವು ಸಂಗೀತ ಕಲ್ತಿದ್ದೀರಾ?’

ಇಲ್ಲ. ಮಕ್ಕಳಿಗೆ ಮೊದಲು ಹೇಳಿಕೊಡುವ ಸರಳೆಯೂ ಗೊತ್ತಿಲ್ಲ. ನಾನು ತಾಳ ಹಾಕಿದರೆ ಪಕ್ಕದಲ್ಲಿ ಕೂತವರ ತಾಳವೂ ತಪ್ಪುತ್ತದೆ. ಇದನ್ನು ಬೋರ್ಡ್ ಬರೆಸಿ ಗೇಟಿಗೆ ತೂಗುಹಾಕೋಣ ಅಂತ ಇದ್ದೆ. ಖರ್ಚು ಬೇಡ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆಗಿಂತ ಜಾಸ್ತಿ ಸಿಟ್ಟು ಬರುವುದು ಕೇಳುವ ಧಾಟಿಗೆ. ‘ಕಲ್ತಿದ್ದೀರಾ’ ಎನ್ನುವಾಗ ಹುಬ್ಬು ಒಂದಿಂಚು ಮೇಲೆ ಹೋಗಿರುತ್ತದೆ. ಯಕ್ಷಗಾನದ ಆಟದಲ್ಲಿ ‘ಇವತ್ತು ಭಾಗವತರ ಪದ್ಯ ಏರಲೇ ಇಲ್ಲ’ ಎಂದು ಚರುಂಬುರಿ ಮಾರುವವನೂ ಹೇಳುತ್ತಾನೆ. ನಾವೆಲ್ಲ ತಲೆ ಆಡಿಸುತ್ತೇವೆ. ಅವನ ಹತ್ತಿರ ಯಾರೂ ಸರ್ಟಿಫಿಕೇಟ್ ಕೇಳುವುದಿಲ್ಲ. ಶಾಸ್ತ್ರೀಯ ಸಂಗೀತದ ಬಗ್ಗೆ ಬಾಯಿ ಬಿಟ್ಟರೆ ಮಾತ್ರ ರೇಷನ್ ಕಾರ್ಡ್ ತೋರಿಸಬೇಕು.

ನೀರ್ಚಾಲಿನಲ್ಲಿ ಒಂದು ಗೃಹಪ್ರವೇಶ. ಊಟ ಮುಗಿಸಿ ಚಾವಡಿಯಲ್ಲಿ ಎಲೆಯಡಿಕೆ ಜಗಿಯುತ್ತ ಕೂತಿದ್ದೆವು. ಹಿಂದಿನ ರಾತ್ರಿ ಕೇಳಿದ್ದನ್ನು ನಾನು ಹೇಳಲು ಶುರುಮಾಡಿದ್ದೆ. ಕಲಿತವರೊಬ್ಬರು ಫೋನ್ ತೆಗೆದರು. ಸ್ಕ್ರೀನನ್ನು ಅಂಗೈಯಲ್ಲಿ ಮುಚ್ಚಿ ಹತ್ತು ಸೆಕೆಂಡ್ ಏನೋ ಹಾಕಿದರು. ‘ಭಾವಾ, ಇದೆಂತ ರಾಗ, ಹೇಳಿ ನೋಡುವ.’

‘ಆರಭಿ’ ಎಂದೆ.

‘ದೇವಗಾಂಧಾರಿ.’

ಇಡೀ ಚಾವಡಿ ನಕ್ಕಿತು. ಬಾಯಿ ತುಂಬ ಎಲೆಯಡಿಕೆ ಇದ್ದ ಒಬ್ಬರು ಅಂಗಳಕ್ಕೆ ಓಡಿ ಉಗುಳಿ, ಮರಳಿ ಬಂದು ನಕ್ಕರು.

ಆ ಸಿಟ್ಟಿನಲ್ಲಿ ಒಂದು ವಾರ ಮನೆಯಲ್ಲಿ ಎರಡನ್ನೇ ಕೇಳಿದೆ. ಆರಭಿಗೆ ‘ಸಾಧಿಂಚೆನೆ’, ದೇವಗಾಂಧಾರಿಗೆ ‘ಕ್ಷೀರಸಾಗರ ಶಯನ’. ಎರಡೂ ತ್ಯಾಗರಾಜರದ್ದೇ. ನೋಡಿದರೆ ಎರಡು ರಾಗಗಳಿಗೂ ಒಂದೇ ಸ್ವರಗಳು! ಹತ್ತುವಾಗ ಗಾಂಧಾರ, ನಿಷಾದ ಎಂಬ ಎರಡು ಸ್ವರ ಇಲ್ಲ. ಇಳಿಯುವಾಗ ಏಳೂ ಉಂಟು. ಕಾಗದದಲ್ಲಿ ಬರೆದರೆ ಅವಳಿ ಮಕ್ಕಳು. ಬೇರೆಯಾಗುವುದು ನಡಿಗೆಯಲ್ಲಿ. ಆರಭಿಯದ್ದು ತಿರುವಿನಲ್ಲಿ ಬಸ್ಸು ಕಂಡವನ ನಡಿಗೆ. ದೇವಗಾಂಧಾರಿ ತುಂಬಿದ ಕೊಡಪಾನ ಹೊತ್ತು ಗದ್ದೆಯ ಬದುವಿನ, ನಮ್ಮ ಕಟ್ಟಪುಣಿಯ ಮೇಲೆ ಬರುತ್ತದೆ, ಹೆಜ್ಜೆಗೊಮ್ಮೆ ಸ್ವಲ್ಪ ತುಳುಕುತ್ತದೆ. ಇದನ್ನು ಆ ಭಾವನಿಗೆ ಹೇಳಬೇಕು ಅಂತ ಇದ್ದೆ. ಎದುರು ಸಿಕ್ಕರೆ ಮತ್ತೆ ಫೋನ್ ತೆಗೆಯುತ್ತಾರೆ ಎಂದು ಹೆದರಿ ರಸ್ತೆ ದಾಟುತ್ತೇನೆ.

ಒಬ್ಬರಾದರೂ ‘ನೀವು ಎಲ್ಲಿ ಹಿಂದೆ ಹೋಗಿ ಇನ್ನೊಮ್ಮೆ ಕೇಳ್ತೀರಿ?’ ಎಂದು ಕೇಳಬಾರದಾ? ಸಂಗೀತ ಕಚೇರಿಗೆ ಹೋದವರಿಗೆ ಇಲ್ಲದ ಸೌಕರ್ಯ ಅದು, ಅಲ್ವಾ?

ನಾನು ಕೇಳುವುದು ಅಡಿಕೆ ಸುಲಿಯುವಾಗ. ಫೋನ್ ಗೋಣಿಯ ಮೇಲೆ ಇರುತ್ತದೆ. ಅರ್ಧ ನಿಮಿಷ ಹಿಂದೆ ಹೋಗಬೇಕಾದರೆ ಕತ್ತಿ ಕೆಳಗಿಡಬೇಕು, ಕೈಯನ್ನು ಲುಂಗಿಗೆ ಒರಸಬೇಕು. ಸಿಪ್ಪೆಯ ಧೂಳು ಹಿಡಿದ ಬೆರಳು ಸ್ಕ್ರೀನಿಗೆ ಗೊತ್ತೇ ಆಗುವುದಿಲ್ಲ. ಕೊನೆಗೆ ಮೊಣಕೈಯಿಂದ ಒತ್ತಬೇಕು. ಇಷ್ಟು ಸರ್ಕಸ್ ಮಾಡಿಸುವ ಜಾಗಗಳು ಕಡಿಮೆ. ಹೆಚ್ಚಿನವು ಹಾಡುಗಾರ ಎಂ.ಡಿ. ರಾಮನಾಥನ್ ಅವರವು.

1923ರಲ್ಲಿ ಪಾಲಕ್ಕಾಡಿನ ಮಂಜಪ್ರದಲ್ಲಿ ಹುಟ್ಟಿದವರು, ಟೈಗರ್ ವರದಾಚಾರಿಯರ್ ಅವರ ಶಿಷ್ಯ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋದದ್ದರಿಂದ ನಾವಿಬ್ಬರೂ ಒಂದೇ ರಾಜ್ಯದವರಾಗಿ ಉಳಿದೆವು. ಆ ವಿಂಗಡಣೆಯಿಂದ ನನಗಾದ ಲಾಭ ಇದೊಂದೇ ಅಂತ ಕಾಣುತ್ತದೆ. ತಗ್ಗಿನ ಶ್ರುತಿ, ಭಾವಿಯೊಳಗಿಂದ ಬಂದ ಹಾಗೆ ಸ್ವರ. ಅವಸರ ಅಂದರೆ ಏನೆಂದೇ ತಿಳಿಯದ ಮನುಷ್ಯ. ಹಳೆಯ 78ರ ಗ್ರಾಮಫೋನ್ ಪ್ಲೇಟಿನಲ್ಲಿ ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ. ಅಷ್ಟರಲ್ಲಿ ಇವರಿಗೆ ಪಲ್ಲವಿ ಮುಗಿಸಲೂ ಸಾಲುತ್ತಿರಲಿಲ್ಲ.

ಅವರ ‘ಸಾಮಜವರಗಮನ’ ಕೇಳಿ. ಹಿಂದೋಳ. (ಈ ಪರೀಕ್ಷೆಯಲ್ಲಿ ನಾನು ಪಾಸು.) ಸಾಮಜ ಅಂದರೆ ಆನೆ. ಆನೆಯ ನಡಿಗೆಯವನೇ ಎಂದು ತ್ಯಾಗರಾಜರು ಕೃಷ್ಣನನ್ನು ಕರೆಯುತ್ತಾರೆ. ಹೆಚ್ಚಿನವರು ಆ ಆನೆಯನ್ನು ಓಡಿಸಿಕೊಂಡು ಹೋಗುತ್ತಾರೆ. ಎಂ.ಡಿ.ಆರ್. ನಡೆಸುತ್ತಾರೆ. ಉತ್ಸವಕ್ಕೆ ಹೊರಟ ಆನೆ ರಸ್ತೆಗೆ ಬಂದರೆ ಹಿಂದಿನ ಬಸ್ಸು ಹಾರ್ನ್ ಹಾಕದೆ ನಿಧಾನಕ್ಕೆ ಬರುತ್ತದಲ್ಲ, ಮೃದಂಗ ಹಾಗೆ ಹಿಂದೆ ಹಿಂದೆ ಬರುತ್ತದೆ. ನನ್ನ ಮೊಣಕೈ ಫೋನಿಗೆ ಹೋಗುವುದು ಅಲ್ಲೇ, ‘ಗಮನಾ’ ಎಂದು ಎಳೆದು ಬಿಡುವಲ್ಲಿ.

ಇದನ್ನು ನಾನು ಮೊದಲು ಕೇಳಿದ್ದು ಅಪ್ಪನ ಕ್ಯಾಸೆಟಿನಲ್ಲಿ. ಕಲ್ಲಿಕೋಟೆ ಆಕಾಶವಾಣಿಯಲ್ಲಿ ಬರುತ್ತಿತ್ತು. ರೇಡಿಯೋದ ಎದುರಿಗೆ ಟೇಪ್ ರೆಕಾರ್ಡರ್ ಇಟ್ಟು ಅಪ್ಪ ಗುಂಡಿ ಒತ್ತುತ್ತಿದ್ದರು. ಮನೆಯವರೆಲ್ಲ ಉಸಿರು ಬಿಗಿಹಿಡಿದು ಕೂರಬೇಕು. ಆದರೂ ಅದರಲ್ಲಿ ನಮ್ಮ ನಾಯಿ ಬೊಗಳಿದ್ದು ಉಂಟು, ಮಾಡಿನ ಮೇಲೆ ತೆಂಗಿನ ಮಡಲು ಬಿದ್ದದ್ದು ಉಂಟು. ಕ್ಯಾಸೆಟ್ ಈಗಲೂ ಇದೆ. ಟೇಪ್ ಸಡಿಲವಾದಾಗ ಪೆನ್ಸಿಲ್ ತೂರಿಸಿ ಸುತ್ತುತ್ತೇನೆ.

ಅದರಲ್ಲಿ ಒಂದು ಕಡೆ ಎಂ.ಡಿ.ಆರ್. ಹಾಡು ನಿಲ್ಲಿಸುತ್ತಾರೆ. ತಂಬೂರಿ ಮಾತ್ರ ಕೇಳುತ್ತಿರುತ್ತದೆ. ಅವರು ಮತ್ತೆ ಶುರುಮಾಡುವ ಮೊದಲೇ ಒಂದು ಹುಡುಗನ ಸ್ವರ, ಸ್ಪಷ್ಟವಾಗಿ: ‘ಅಪ್ಪಾ, ಇದೆಂತ ರಾಗ?’

ಅಪ್ಪ ‘ಶ್’ ಎನ್ನುತ್ತಾರೆ. ಅಷ್ಟರಲ್ಲಿ ಮುಂದಿನ ಸಾಲು ಅರ್ಧ ಆಗಿಹೋಗಿರುತ್ತದೆ.